ಫೋರ್ ವೀಲ್ ಡ್ರೈವ್: ಗೇರಿನ ಗುಣ ಯಾವುದು, ಸಾಫ್ಟ್‌ವೇರಿನ ಕೆಲಸ ಯಾವುದು

ಮಳೆ ಹಿಡಿಯಿತೆಂದರೆ ಮಂಗಳೂರು, ಉಡುಪಿ ಕಡೆಯ ಫೋರ್ ವೀಲ್ ಡ್ರೈವ್ ಗಾಡಿಯವರಿಂದ ಎರಡು ಮಾತು ತಪ್ಪದೆ ಬರುತ್ತವೆ. "4ಎಚ್ ಹಾಕಿ ತಿರುಗಿಸಿದರೆ ಅಡಿಯಲ್ಲಿ ಟಕ್ ಟಕ್ ಕೇಳ್ತದೆ, ಗಾಡಿಯನ್ನು ಯಾರೋ ಹಿಂದಿನಿಂದ ಹಿಡಿದ ಹಾಗೆ ಆಗ್ತದೆ" ಎನ್ನುವುದು ಒಂದು (4ಎಚ್ ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಸ್ಥಾನ). "ತೋಟದ ಏರಿನಲ್ಲಿ ಒಂದು ಚಕ್ರ ಸುಮ್ಮನೆ ತಿರುಗ್ತದೆ, ಪಕ್ಕದ್ದು ಅಲ್ಲಾಡುವುದಿಲ್ಲ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಸಿದರೆ ಸರಿಯಾದೀತಾ?" ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಯಾವ ಅಪ್‌ಡೇಟೂ ಮದ್ದಲ್ಲ, ಏಕೆಂದರೆ ಅಲ್ಲಿ ರೋಗವೇ ಇಲ್ಲ. ಎರಡನೆಯದಕ್ಕೆ ಕೆಲವು ಗಾಡಿಗಳಲ್ಲಿ ಅಪ್‌ಡೇಟಿನಿಂದ ನಿಜವಾಗಿಯೂ ಫಲ ಸಿಗುತ್ತದೆ, ಕೆಲವದರಲ್ಲಿ ಹಣ ದಂಡ. ಯಾವುದು ಯಾವುದೆಂದು ತಿಳಿಯಬೇಕಾದರೆ ಸ್ಕ್ಯಾನರ್ (ಗಾಡಿಯ ಕಂಪ್ಯೂಟರುಗಳನ್ನು ಓದುವ ಉಪಕರಣ) ಜೋಡಿಸುವ ಮೊದಲು ಆಕ್ಸಲ್ ಹೌಸಿಂಗಿನೊಳಗೆ ಏನು ನಡೆಯುತ್ತಿದೆ ಎಂಬುದು ಕಣ್ಣಿಗೆ ಕಟ್ಟಬೇಕು.

ಆಕ್ಸಲಿನ ಎರಡು ಚಕ್ರಗಳ ನಡುವಿನ ಗೇರುಗಳ ಗುಂಪೇ ಡಿಫರೆನ್ಷಿಯಲ್. ಅದು ತಿರುವಿನಲ್ಲಿ ಹೊರಚಕ್ರ ಹೆಚ್ಚು ಓಡಲು ಬಿಡುತ್ತದೆ, ಜೊತೆಗೆ ಎರಡೂ ಚಕ್ರಕ್ಕೆ ಬಲ ಹಂಚುತ್ತದೆ. ವೇಗದ ಲೆಕ್ಕ ಸುಲಭ. ಎಂಜಿನ್ನಿನ ಬಲವನ್ನು ಡಿಫರೆನ್ಷಿಯಲ್ಲಿಗೆ ತರುವ ದೊಡ್ಡ ಗೇರು, ಅಂದರೆ ಕ್ರೌನ್ ವೀಲ್, ನಿಮಿಷಕ್ಕೆ 100 ಸುತ್ತು ತಿರುಗುವಾಗ ಒಂದು ಚಕ್ರ ನಿಂತೇ ಇದ್ದರೆ ಇನ್ನೊಂದು 200 ಸುತ್ತು ತಿರುಗುತ್ತದೆ. ಎರಡರ ಸರಾಸರಿ ಯಾವತ್ತೂ ಕ್ರೌನ್ ವೀಲಿನ ವೇಗವೇ. ಎಡವುವುದು ಬಲದ ಲೆಕ್ಕದಲ್ಲಿ. "ಬಲವೆಲ್ಲ ಜಾರುವ ಚಕ್ರಕ್ಕೆ ಹೋಗುತ್ತದೆ" ಎಂದು ಗ್ಯಾರೇಜಿನಲ್ಲೂ ಹೇಳುವುದುಂಟು, ಅದು ಸರಿಯಲ್ಲ. ಸಾದಾ ಡಿಫರೆನ್ಷಿಯಲ್ ಎರಡೂ ಕಡೆಗೆ ಕೊಡುವ ಬಲ ಸಮ. ನಡುವಿನ ಒಂದೇ ಗೂಟದ ಮೇಲೆ ಅತ್ತಿತ್ತ ಹೊರಳುವ ನೊಗವನ್ನು ನೆನೆಯಿರಿ. ಎಡದ ಕೋಣಕ್ಕೆ ಕೆಸರಿನಲ್ಲಿ ಕಾಲೂರಲು ಆಗದಿದ್ದರೆ ಬಲದ ಕೋಣ ಎಷ್ಟೇ ಗಟ್ಟಿಯಾಗಿರಲಿ, ಎಡದ್ದು ಎಳೆದಷ್ಟೇ ಅದೂ ಎಳೆಯಬಹುದು. ಹೆಚ್ಚು ಎಳೆದರೆ ನೊಗ ಓರೆಯಾಗುತ್ತದೆಯೇ ಹೊರತು ಭಾರ ಮುಂದೆ ಹೋಗುವುದಿಲ್ಲ. ನೊಗ ಹೊರಳದ ಹಾಗೆ ಬಿಗಿದು ಕಟ್ಟಿಬಿಟ್ಟರೆ ಅದೇ ಡಿಫ್ ಲಾಕ್.

ಇದನ್ನೇ ಅಂಕಿಯಲ್ಲಿ ನೋಡೋಣ. ಎಡ ಹಿಂಚಕ್ರ ಪಾಚಿ ಹಿಡಿದ ಮುರಕಲ್ಲಿನ ಮೇಲಿದೆ, ಅಲ್ಲಿ 200 ನ್ಯೂಟನ್ ಮೀಟರಿಗಿಂತ ಹೆಚ್ಚು ಕೊಟ್ಟರೆ ಜಾರುತ್ತದೆ. ಬಲ ಹಿಂಚಕ್ರ ಗಟ್ಟಿ ಜಲ್ಲಿಯ ಮೇಲಿದೆ, 1500ರ ತನಕ ತಾಳುತ್ತದೆ ಎಂದಿಟ್ಟುಕೊಳ್ಳಿ. ಸಾದಾ ಡಿಫರೆನ್ಷಿಯಲ್‌ನಲ್ಲಿ ಬಲಗಡೆಗೂ ಸಿಗುವುದು 200 ಮಾತ್ರ, ಒಟ್ಟು 400. ಈಗ ಕಂಪ್ಯೂಟರ್ ಜಾರುವ ಎಡಚಕ್ರಕ್ಕೆ 700ರಷ್ಟು ಬ್ರೇಕ್ ಹಾಕಿತು. ಎಡದ ಆಕ್ಸಲಿಗೆ ತಡೆ 900 ಆಯಿತು, ಹಾಗಾಗಿ ಬಲಗಡೆಗೂ 900 ಬಂತು. ನೆಲಕ್ಕೆ ಸೇರಿದ್ದು 1100, ಉಳಿದ 700 ಬ್ರೇಕ್ ಡಿಸ್ಕಿನಲ್ಲಿ ಬಿಸಿಯಾಗಿ ಹೋಯಿತು. ಪೂರ್ತಿ ಲಾಕ್ ಆಗುವ ಡಿಫ್ ಆಗಿದ್ದರೆ ನೆಲಕ್ಕೆ 1700 ಸಿಗುತ್ತಿತ್ತು, ನಷ್ಟವಿಲ್ಲದೆ. ಸಾಫ್ಟ್‌ವೇರ್ ಕೈಯಾಡಿಸಲು ಸಾಧ್ಯವಿರುವುದು ನಡುವಿನ ಆ 700ರಲ್ಲಿ: ಎಷ್ಟು ಬೇಗ ಹಿಡಿಯಬೇಕು, ಎಷ್ಟು ಗಟ್ಟಿ ಹಿಡಿಯಬೇಕು, ಡಿಸ್ಕ್ ಎಷ್ಟು ಬಿಸಿಯಾದಾಗ ಬಿಡಬೇಕು. ಗೇರಿನ ಹಲ್ಲಿನ ಸ್ವಭಾವವನ್ನು ಅದು ಬದಲಿಸದು.

ಬ್ರೇಕ್‌ನಿಂದ ಕೆಲಸ ಮಾಡುವ ಈ ವ್ಯವಸ್ಥೆಗೆ ಡ್ರೈವರ್ ತಿಳಿಯದೆ ಅಡ್ಡಿ ಮಾಡುವುದೂ ಇದೆ. ಚಕ್ರ ಜಾರಿದ ಕೂಡಲೇ ಆಕ್ಸಿಲರೇಟರ್ ಬಿಟ್ಟರೆ ವೇಗದ ವ್ಯತ್ಯಾಸ ಮಾಯವಾಗುತ್ತದೆ, ಕಂಪ್ಯೂಟರ್ ಬ್ರೇಕ್ ಬಿಟ್ಟುಬಿಡುತ್ತದೆ, ಮತ್ತೆ ಒತ್ತಿದರೆ ಕಥೆ ಮೊದಲಿನಿಂದ. ಒಂದೇ ಹದದಲ್ಲಿ ಕಾಲಿಟ್ಟು ಎರಡು ಮೂರು ಸೆಕೆಂಡ್ ಕಾಯಬೇಕು. ಎಬಿಎಸ್ ಪಂಪಿನ ಗರ್ರ್ ಎಂಬ ಸದ್ದು ಕೇಳಿದ ಮೇಲೆ ಗಾಡಿ ನಿಧಾನಕ್ಕೆ ಏಳುತ್ತದೆ. ಮಾರುತಿಯ ಜಿಮ್ನಿಯಲ್ಲಿ ಮೆಕ್ಯಾನಿಕಲ್ ಲಾಕ್ ಇಲ್ಲ, ಬ್ರೇಕ್‌ನದ್ದೇ ಆಟ. ಹಾಗಾಗಿ ಈ ಕಾಲಿನ ಹದ ಅಲ್ಲಿ ಬಹಳ ಮುಖ್ಯ.

ಮಹೀಂದ್ರ ಥಾರ್‌ನ ಕೆಲವು ಮಾದರಿಗಳ ಹಿಂದಿನ ಆಕ್ಸಲಿನಲ್ಲಿರುವ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಬೇರೆಯೇ ಜಾತಿ. ಅದಕ್ಕೆ ಸ್ವಿಚ್ಚೂ ಇಲ್ಲ, ವಯರೂ ಇಲ್ಲ. ಎರಡು ಹಿಂಚಕ್ರಗಳ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಒಳಗಿನ ಭಾರದ ತುಂಡುಗಳು ಹೊರಕ್ಕೆ ಸಿಡಿದು ಕ್ಲಚ್ ತಟ್ಟೆಗಳನ್ನು ಬಿಗಿ ಮಾಡುತ್ತವೆ. ಗಾಡಿ ಗಂಟೆಗೆ 30 ಕಿ.ಮೀ. ದಾಟಿದ ಮೇಲೆ ಲಾಕ್ ಆಗದಂತೆ ಇನ್ನೊಂದು ತುಂಡು ತಡೆಯುತ್ತದೆ. ಥಾರ್‌ನ 18 ಇಂಚಿನ ಚಕ್ರದ ಟೈರಿನ ಸುತ್ತಳತೆ ಹತ್ತಿರ ಹತ್ತಿರ 2.5 ಮೀಟರ್. ಒಂದು ಚಕ್ರ ನಿಂತಿದ್ದರೆ ಇನ್ನೊಂದು ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿ ತಿರುಗಿದರೆ ಮಾತ್ರ ಆ 100 ಸುತ್ತಿನ ವ್ಯತ್ಯಾಸ ಹುಟ್ಟುತ್ತದೆ. 4ಎಲ್‌ನಲ್ಲಿ (ನಾಲ್ಕೂ ಚಕ್ರಕ್ಕೆ ನಿಧಾನದ ಗೇರಿನಲ್ಲಿ ಬಲ) ಮೊದಲ ಗೇರು ಹಾಕಿ ಆಕ್ಸಿಲರೇಟರ್ ಮುಟ್ಟದೆ ತೆವಳಿದರೆ ಅಷ್ಟು ವೇಗ ಎಲ್ಲಿಂದ ಬರಬೇಕು? "ಲಾಕ್ ಕೆಲಸ ಮಾಡುವುದಿಲ್ಲ" ಎನ್ನುವ ದೂರಿನಲ್ಲಿ ಬಹುಪಾಲು ಇದೇ. ಸ್ವಲ್ಪ ಹೆಚ್ಚು ಆಕ್ಸಿಲರೇಟರ್ ಕೊಟ್ಟರೆ ಹಿಂದಿನಿಂದ ಟಕ್ ಎಂದು ಒಂದು ಏಟು ಕೇಳಿ ಲಾಕ್ ಆಗುತ್ತದೆ.

ಸಾಫ್ಟ್‌ವೇರಿಗೂ ಗೇರಿಗೂ ತಾಗುವ ಸೂಕ್ಷ್ಮ ಜಾಗವೂ ಇಲ್ಲೇ ಇದೆ. ಜಾರುವ ಹಿಂಚಕ್ರವನ್ನು ಬ್ರೇಕ್ ಬಹಳ ಬೇಗ ಹಿಡಿದರೆ, ಅಥವಾ ಎಂಜಿನ್ ಬಲವನ್ನು ಕಂಪ್ಯೂಟರ್ ಬೇಗ ಕಡಿದರೆ, ಲಾಕಿಗೆ ಬೇಕಾದ ವೇಗದ ವ್ಯತ್ಯಾಸವೇ ಹುಟ್ಟುವುದಿಲ್ಲ. ಇಎಸ್‌ಪಿ (ಬ್ರೇಕ್, ಎಂಜಿನ್ ಬಲ ಹಿಡಿದು ಗಾಡಿ ಜಾರದಂತೆ ನೋಡುವ ಕಂಪ್ಯೂಟರ್) ಘಟಕದ ಅಪ್‌ಡೇಟ್ ಆದ ಮೇಲೆ "ಡಿಫ್ ಬದಲಾಯಿತು" ಅನ್ನಿಸುವುದಕ್ಕೆ ಇಂತಹ ಕಾರಣ ಇರಬಹುದು. ಹೌಸಿಂಗಿನೊಳಗೆ ಏನೂ ಬದಲಾಗಿರುವುದಿಲ್ಲ, ಅದಕ್ಕೆ ಸಿಗುವ ಅವಕಾಶ ಬದಲಾಗಿರುತ್ತದೆ. ಆಳ ಕೆಸರಿನಲ್ಲಿ ಇಎಸ್‌ಪಿ ಆಫ್ ಬಟನ್ ಒತ್ತಿ ನೋಡಬೇಕಾದ್ದು ಇದಕ್ಕೇ. ಹಲವು ಗಾಡಿಗಳಲ್ಲಿ ಆ ಬಟನ್ ಎಂಜಿನ್ ಬಲ ಕಡಿಯುವುದನ್ನು ನಿಲ್ಲಿಸುತ್ತದೆ, ಬ್ರೇಕ್ ಹಿಡಿಯುವುದನ್ನು ಹಾಗೇ ಉಳಿಸುತ್ತದೆ.

ಬಟನ್ ಒತ್ತಿ ಹಾಕುವ ಲಾಕ್ ಥಾರ್ ರಾಕ್ಸ್‌ನ 4x4ನಲ್ಲಿ, ಹೈಲಕ್ಸ್‌ನಲ್ಲಿ ಇದೆ. ಗೂರ್ಖಾದಲ್ಲಿ ಮುಂದೆ, ಹಿಂದೆ ಎರಡೂ ಕಡೆ ಇದೆ, ಕೈಯಲ್ಲೇ ಹಾಕಬೇಕು. ಬಟನ್ ಒತ್ತಿದ ಮೇಲೆ ದೀಪ ಮಿನುಗುತ್ತಿದ್ದರೆ ಕೆಟ್ಟಿದೆ ಎಂದಲ್ಲ. ಒಳಗಿನ ಹಲ್ಲುಗಳು ಇನ್ನೂ ಎದುರುಬದುರು ಕೂತಿಲ್ಲ ಎಂದರ್ಥ. ಸ್ಟೀರಿಂಗನ್ನು ಅತ್ತಿತ್ತ ಸ್ವಲ್ಪ ಆಡಿಸುತ್ತ ಎರಡು ಮೂರು ಅಡಿ ಚಲಿಸಿದರೆ ಹಲ್ಲು ಕೂತು ದೀಪ ಸ್ಥಿರವಾಗುತ್ತದೆ. ಬಿಡಿಸುವಾಗ ಬಿಡದಿದ್ದರೆ ನೇರವಾಗಿ ಕೆಲವು ಅಡಿ ರಿವರ್ಸ್ ಹೋಗಿ. ಗಟ್ಟಿ ರಸ್ತೆಗೆ ಬಂದ ಮೇಲೂ ಲಾಕ್ ಉಳಿದರೆ ತಿರುವಿನಲ್ಲಿ ಗಾಡಿ ನೇರ ಹೋಗಲು ಎಳೆಯುತ್ತದೆ. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಇದು ಪ್ರಾಣಕ್ಕೆ ಅಪಾಯ.

ಇನ್ನು ಆ ಟಕ್ ಟಕ್. ಬೇಕಾದಾಗ ಮಾತ್ರ ಹಾಕುವ ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್‌ನಲ್ಲಿ ಟ್ರಾನ್ಸ್‌ಫರ್ ಕೇಸ್ ಮುಂದಿನ ಶಾಫ್ಟನ್ನೂ ಹಿಂದಿನ ಶಾಫ್ಟನ್ನೂ ಒಂದಕ್ಕೊಂದು ಕಟ್ಟಿಹಾಕುತ್ತದೆ, ಮಧ್ಯದಲ್ಲಿ ಡಿಫರೆನ್ಷಿಯಲ್ ಇಲ್ಲ. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ವೃತ್ತದಲ್ಲಿ ಓಡುತ್ತವೆ. ಐದು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ 2.59 ಮೀಟರ್. ಹಿಂದಿನ ಆಕ್ಸಲಿನ ನಡುಭಾಗ 5 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಮುಂದಿನದರ ತ್ರಿಜ್ಯ 5.63 ಮೀಟರ್. ಬರೀ ಕಾಲು ವೃತ್ತ ತಿರುಗುವಾಗಲೇ ಮುಂದಿನ ಚಕ್ರಗಳು ಒಂದು ಮೀಟರ್ ಹೆಚ್ಚು ಓಡಬೇಕು. ಟೈರಿನ ಸುತ್ತಳತೆ ಸುಮಾರು 2.18 ಮೀಟರ್ ಇರುವುದರಿಂದ ಅದು ಚಕ್ರದ ಅರ್ಧ ಸುತ್ತಿನ ಹತ್ತಿರ. ಆಕ್ಸಲಿನ ಗೇರ್ ಅನುಪಾತ ಸುಮಾರು 4 ಇರುವುದರಿಂದ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಎರಡು ಸುತ್ತಿನ ಹತ್ತಿರ. ಕಟ್ಟಿಹಾಕಿದ ಶಾಫ್ಟ್ ಇಷ್ಟು ವ್ಯತ್ಯಾಸವನ್ನು ಎಲ್ಲಿ ಬಿಡಬೇಕು? ಕೆಂಪು ಮಣ್ಣಿನಲ್ಲಾದರೆ ಟೈರ್ ಸದ್ದಿಲ್ಲದೆ ಜಾರಿ ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ಮಂಗಳೂರಿನ ಒಣ ಕಾಂಕ್ರೀಟ್ ರಸ್ತೆಯಲ್ಲಿ ಟೈರ್ ಜಾರದು. ಶಾಫ್ಟ್ ತಿರುಚಿಕೊಂಡು ಬಿಗಿಯಾಗಿ, ಕೊನೆಗೆ ಟೈರ್ ಒಮ್ಮೆಲೇ ಕುಪ್ಪಳಿಸಿ ಬಿಡುತ್ತದೆ. ಆ ಕುಪ್ಪಳಿಕೆಯೇ ನೀವು ಕೇಳುವ ಸದ್ದು. ಲಿವರ್ 2ಎಚ್‌ಗೆ (ಎರಡೇ ಚಕ್ರಕ್ಕೆ ಬಲ ಹೋಗುವ ಸ್ಥಾನ) ಬಾರದಿರುವುದೂ ಇದೇ ಬಿಗಿತದಿಂದ. ನೇರವಾಗಿ ಸ್ವಲ್ಪ ರಿವರ್ಸ್ ಹೋದರೆ ಬಿಗಿತ ಸಡಿಲಾಗಿ ಲಿವರ್ ತಾನೇ ಬರುತ್ತದೆ. ಗಟ್ಟಿಯಾಗಿ ಎಳೆದರೆ ಒಳಗಿನ ಫೋರ್ಕ್ ಬಾಗುತ್ತದೆ.

ಟೈರ್ ಸವೆತವೂ ಇದೇ ಕಾಟ ಕೊಡುತ್ತದೆ, ಅದೂ ನೇರ ರಸ್ತೆಯಲ್ಲೇ. ಮುಂದೆ 8 ಮಿ.ಮೀ. ಹಲ್ಲಿನ ಹೊಸ ಟೈರ್, ಹಿಂದೆ 4 ಮಿ.ಮೀ.ಗೆ ಸವೆದದ್ದು ಇದ್ದರೆ ಸುತ್ತಳತೆಯಲ್ಲಿ 25 ಮಿ.ಮೀ. ವ್ಯತ್ಯಾಸ. 1 ಕಿ.ಮೀ. ಓಡುವಷ್ಟರಲ್ಲಿ ಅದು 11 ಮೀಟರ್ ದಾಟುತ್ತದೆ. ಟೈರ್ ಹಾಕಿಸುವಾಗ ನಾಲ್ಕೂ ಒಟ್ಟಿಗೆ ಹಾಕಿಸಿ, ಕೈಪಿಡಿ ಹೇಳಿದ ಅಂತರದಲ್ಲಿ ಹಿಂದೆ ಮುಂದೆ ಬದಲಿಸಿ. ಸವೆದ ಮೂರರ ಜೊತೆ ಹೊಸ ಸ್ಟೆಪ್ನಿ ಹಾಕಿದ್ದರೆ ಮನೆ ಮುಟ್ಟುವ ತನಕ 2ಎಚ್‌ನಲ್ಲೇ ಇರಿ. ಟಿಗ್ವಾನ್, ಕೋಡಿಯಾಕ್‌ನಂತಹ, ಬೇಕಾದಾಗ ಹಿಂದಿನ ಚಕ್ರಗಳನ್ನು ಕ್ಲಚ್ ಮೂಲಕ ಸೇರಿಸುವ ಗಾಡಿಗಳಲ್ಲಿ 2ಎಚ್ ಎಂಬುದೇ ಇಲ್ಲ, ಈ ವ್ಯತ್ಯಾಸವನ್ನೆಲ್ಲ ಕ್ಲಚ್ಚೇ ನುಂಗಬೇಕು.

ಈಗ ಅಪ್‌ಡೇಟಿಗೆ ಬರೋಣ. ಗಾಡಿಯಲ್ಲಿ ಒಂದು ಸಾಫ್ಟ್‌ವೇರ್ ಇರುವುದಲ್ಲ, ಎಂಜಿನ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಎಬಿಎಸ್–ಇಎಸ್‌ಪಿ, ಟ್ರಾನ್ಸ್‌ಫರ್ ಕೇಸ್, ಸ್ಟೀರಿಂಗ್ ಹೀಗೆ ಒಂದೊಂದಕ್ಕೂ ಬೇರೆ ಬೇರೆ ಕಂಪ್ಯೂಟರ್. ಎಲ್ಲವೂ ಕ್ಯಾನ್ ಎಂಬ ಎರಡು ತಂತಿಯ ಜಾಲದಲ್ಲಿ ಮಾತಾಡಿಕೊಳ್ಳುತ್ತವೆ. ಡ್ಯಾಶ್‌ಬೋರ್ಡಿನ ಸ್ಕ್ರೀನಿಗೆ ಮೊಬೈಲ್ ನೆಟ್‌ವರ್ಕಿನಲ್ಲಿ ಬಂದ ಅಪ್‌ಡೇಟ್ ಸಾಮಾನ್ಯವಾಗಿ ಮ್ಯಾಪ್, ಹಾಡು, ಫೋನ್‌ಗೆ ಸಂಬಂಧಪಟ್ಟದ್ದು. ಅದರಿಂದ ಕೆಸರಿನಲ್ಲಿ ಗಾಡಿ ಏಳುವ ರೀತಿ ಬದಲಾಗದು. ಲಿವರಿನಿಂದ 4ಎಚ್ ಹಾಕುವ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಕೂಡುವುದು ಕೈಬಲದಿಂದ, ಅಲ್ಲಿ ಅಪ್‌ಡೇಟ್ ಮಾಡಲು ಏನೂ ಇಲ್ಲ. ಜಿಮ್ನಿಯಲ್ಲಿ ಲಿವರ್ ಸರಿಯಾಗಿ ಬಿದ್ದು ದೀಪ ಮಾತ್ರ ಮಿನುಗುತ್ತಿದ್ದರೆ ಮುಂದಿನ ಹಬ್‌ಗಳನ್ನು (ಚಕ್ರವನ್ನು ಆಕ್ಸಲಿಗೆ ಸೇರಿಸುವ ಭಾಗ) ಕೂಡಿಸುವ ವ್ಯಾಕ್ಯೂಮ್ ಪೈಪ್ ಒಡೆದಿದೆಯಾ, ಕಳಚಿದೆಯಾ ಎಂದು ಮೊದಲು ನೋಡಿ. ಬಟನ್ ಅಥವಾ ತಿರುಗುಗುಂಡಿಯಿಂದ ಮೋಟಾರ್ ಮೂಲಕ ಕೂಡುವ ಗಾಡಿಗಳಿಗೆ, ಕ್ಲಚ್ ಇರುವ ಗಾಡಿಗಳಿಗೆ, ಬ್ರೇಕ್‌ನಿಂದ ಹಿಡಿಯುವ ಎಲ್ಲ ಗಾಡಿಗಳಿಗೆ ಅಪ್‌ಡೇಟ್ ಅರ್ಥಪೂರ್ಣ.

ಕೆಲಸ ಶುರುವಾಗುವುದು ಬರವಣಿಗೆಯಿಂದ. ಎಲ್ಲ ಘಟಕಗಳ ದೋಷಸಂಕೇತ ಓದಿ ಉಳಿಸಿಕೊಳ್ಳಿ. ಪ್ರತಿ ಘಟಕದ ಹಾರ್ಡ್‌ವೇರ್ ಸಂಖ್ಯೆ, ಸಾಫ್ಟ್‌ವೇರ್ ಸಂಖ್ಯೆ, ಚಾಸಿಸ್ ನಂಬರ್ ಫೋಟೊ ತೆಗೆಯಿರಿ. ತಯಾರಕರು ಆ ಅಪ್‌ಡೇಟನ್ನು ಯಾವ ಲಕ್ಷಣಕ್ಕಾಗಿ ಬಿಟ್ಟಿದ್ದಾರೆ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿ, ನಿಮ್ಮ ಲಕ್ಷಣಕ್ಕೆ ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸಿ. ಸಾವಿರ ಚಿಲ್ಲರೆಯ ಬ್ಲೂಟೂತ್ ಅಡಾಪ್ಟರ್ ಸಂಕೇತ ಓದಲು ಸಾಕು, ಬರೆಯಲು ಅಲ್ಲ. ಬರೆಯಲು ತಯಾರಕರ ಉಪಕರಣ ಬೇಕು, ಅದೂ ಕೇಬಲ್‌ನಲ್ಲಿ.

ಅಪ್‌ಡೇಟ್ ಅರ್ಧದಲ್ಲಿ ಸಾಯುವುದಕ್ಕೆ ಮುಖ್ಯ ಕಾರಣ ವೋಲ್ಟೇಜ್. ಘಟಕ ತನ್ನ ಹಳೆಯ ಪ್ರೋಗ್ರಾಂ ಅಳಿಸಿ ಹೊಸದನ್ನು ಬರೆಯುತ್ತಿರುವಾಗ ಬ್ಯಾಟರಿ ಕುಸಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಗಾಡಿ ನಿಂತು ಕೆಲವು ಗಂಟೆಯಾದ ಮೇಲೆ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.4 ಅಂದರೆ ಮುಕ್ಕಾಲು ಚಾರ್ಜ್, 12.0 ಅಂದರೆ ಕಾಲು ಭಾಗ. ಇಗ್ನಿಷನ್ ಆನ್ ಇದ್ದು ಎಂಜಿನ್ ಆಫ್ ಇರುವಾಗ ಎಲ್ಲ ಕಂಪ್ಯೂಟರುಗಳೂ ಎಚ್ಚರವಾಗಿರುತ್ತವೆ, ಫ್ಯಾನೂ ಓಡಬಹುದು, ಹಾಗಾಗಿ ಒಳ್ಳೆಯ ಬ್ಯಾಟರಿಯೂ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. 13.5 ವೋಲ್ಟ್‌ನ ಸುತ್ತಮುತ್ತ ಸ್ಥಿರವಾಗಿ 50 ಆಂಪಿಯರ್ ಅಥವಾ ಹೆಚ್ಚು ಕೊಡುವ ಪವರ್ ಸಪ್ಲೈ ಜೋಡಿಸಬೇಕು. ಸಾದಾ ಚಾರ್ಜರ್ ಬೇಡ, ಅದರ ವೋಲ್ಟೇಜ್ ಏರಿಳಿಯುತ್ತದೆ. ಗುಡುಗು ಮಿಂಚಿನ ಸಂಜೆ, ಕರೆಂಟ್ ಕೈಕೊಡುವ ಹೊತ್ತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮೇ ತಿಂಗಳ ಮಧ್ಯಾಹ್ನದ ಮೇಲೆ ಈ ಕೆಲಸ ಹಿಡಿಯದೆ ಬೆಳಿಗ್ಗೆಯೇ ಮುಗಿಸುವುದು ಒಳ್ಳೆಯದು. ಪವರ್ ಸಪ್ಲೈ, ಲ್ಯಾಪ್‌ಟಾಪ್ ಎರಡೂ ಇನ್ವರ್ಟರ್ ಲೈನಿನಲ್ಲಿರಲಿ. ಎ.ಸಿ., ಹೆಡ್‌ಲೈಟ್, ಸ್ಟೀರಿಯೊ ಆಫ್. ಹೊರಗಿನಿಂದ ಹಾಕಿಸಿದ ಡ್ಯಾಶ್‌ಕ್ಯಾಮ್, ಓಬಿಡಿ ಸಾಕೆಟ್ಟಿಗೆ (ಸ್ಕ್ಯಾನರ್ ಜೋಡಿಸುವ ಜಾಗ) ಚುಚ್ಚಿದ ಜಿಪಿಎಸ್ ಟ್ರ್ಯಾಕರ್ ಕಳಚಿಡಿ. ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ, ನಡುವೆ ತನ್ನದೇ ಅಪ್‌ಡೇಟ್ ಶುರು ಮಾಡದಂತೆ ಸೆಟ್ಟಿಂಗ್ ಮಾಡಿ.

ಬರೆಯುವಾಗ ಮೀಟರಿನಲ್ಲಿ ಎಬಿಎಸ್, ಫೋರ್ ವೀಲ್, ಸ್ಟೀರಿಂಗ್ ಎಂದು ಎಲ್ಲ ದೀಪಗಳೂ ಹತ್ತುತ್ತವೆ. ಒಂದು ಘಟಕ ಮಾತು ನಿಲ್ಲಿಸಿದ್ದಕ್ಕೆ ಉಳಿದವು ಕೂಗುತ್ತಿವೆ, ಅಷ್ಟೇ. ಕೀ ಮುಟ್ಟಬೇಡಿ, ಬಾಗಿಲು ತೆರೆಯಬೇಡಿ. ನಡುವೆ ನಿಂತರೆ ಗಾಬರಿಯಿಂದ ಬ್ಯಾಟರಿ ಟರ್ಮಿನಲ್ ಕಳಚಬೇಡಿ. ಬೂಟ್‌ಲೋಡರ್ ಎಂಬ ಸಣ್ಣ ಪ್ರೋಗ್ರಾಂ ಸಾಮಾನ್ಯವಾಗಿ ಅಳಿಯದೆ ಉಳಿದಿರುತ್ತದೆ. ಪವರ್ ಹಾಗೇ ಇಟ್ಟು ಅದೇ ಉಪಕರಣದಿಂದ ಮತ್ತೆ ಶುರು ಮಾಡಿದರೆ ಹೆಚ್ಚಿನ ಸಂದರ್ಭದಲ್ಲಿ ಘಟಕ ಬದುಕುತ್ತದೆ.

ಬರೆದು ಮುಗಿದ ಮೇಲಿನ ಕೆಲಸವನ್ನು ಅವಸರದಲ್ಲಿ ಬಿಟ್ಟುಬಿಡುವುದೇ ಜಾಸ್ತಿ, ಅಪ್‌ಡೇಟಿಗೆ ಕೆಟ್ಟ ಹೆಸರು ಬರುವುದೂ ಅಲ್ಲೇ. ಇಗ್ನಿಷನ್ ಆಫ್ ಮಾಡಿ, ಗಾಡಿ ಲಾಕ್ ಮಾಡಿ, ಕೆಲವು ನಿಮಿಷ ಬಿಡಿ. ಮತ್ತೆ ಎಲ್ಲ ಘಟಕ ಓದಿ. ಯು0102 ಬಂದರೆ ಟ್ರಾನ್ಸ್‌ಫರ್ ಕೇಸ್ ಘಟಕದೊಡನೆ, ಯು0121 ಬಂದರೆ ಎಬಿಎಸ್‌ನೊಡನೆ, ಯು0126 ಬಂದರೆ ಸ್ಟೀರಿಂಗ್ ಕೋನದ ಸೆನ್ಸರಿನೊಡನೆ ಸಂಪರ್ಕ ತಪ್ಪಿತ್ತು ಎಂದರ್ಥ. ಅಪ್‌ಡೇಟಿನ ಹೊತ್ತಿಗೆ ಹುಟ್ಟಿದ ಸಂಕೇತವಾದರೆ ಅಳಿಸಿದ ಮೇಲೆ ಮರಳಿ ಬರದು. ಮರಳಿ ಬಂದರೆ ವಯರಿಂಗ್ ಕಡೆ ನೋಡಬೇಕು. ಆಮೇಲೆ ಘಟಕಕ್ಕೆ ಗಾಡಿಯ ಟೈರ್ ಅಳತೆ, ಆಕ್ಸಲ್ ಅನುಪಾತ ಸರಿಯಾಗಿ ತುಂಬಿದೆಯಾ ಎಂದು ಪರೀಕ್ಷೆ. ಸ್ಟೀರಿಂಗ್ ಕೋನ, ಗಾಡಿ ವಾಲುವುದನ್ನು ಅಳೆಯುವ ಸೆನ್ಸರುಗಳಿಗೆ ಶೂನ್ಯ ಹೊಂದಿಸುವುದು. ಟ್ರಾನ್ಸ್‌ಫರ್ ಮೋಟಾರಿಗೆ ಅಥವಾ ಕ್ಲಚ್ಚಿಗೆ ತನ್ನ ಸ್ಥಾನ ಕಲಿಸುವುದು. ಶೂನ್ಯ ಹೊಂದಿಸುವಾಗ ನೆಲ ಸಮತಟ್ಟಾಗಿರಲೇಬೇಕು. ನಮ್ಮ ಮನೆಗಳ ಅಂಗಳ ಮಳೆನೀರು ಹರಿಯಲೆಂದು ಇಳಿಜಾರಾಗಿಯೇ ಇರುತ್ತದೆ. ಅಲ್ಲಿ ನಿಲ್ಲಿಸಿ ಹೊಂದಿಸಿದರೆ ಗಾಡಿ ಸದಾ ವಾಲಿದೆ ಎಂದೇ ಕಂಪ್ಯೂಟರ್ ನಂಬುತ್ತದೆ, ತಿರುವಿನಲ್ಲಿ ಬೇಡದ ಕಡೆ ಬ್ರೇಕ್ ಹಿಡಿಯುತ್ತದೆ. ವೀಲ್ ಅಲೈನ್‌ಮೆಂಟ್ ಮಾಡುವ ಕಟ್ಟೆಯ ಮೇಲೆ ಮಾಡಿಸುವುದು ಉತ್ತಮ.

ಪರೀಕ್ಷೆ ರಸ್ತೆಯಲ್ಲಿ 2ಎಚ್‌ನಿಂದ ಶುರುವಾಗಲಿ. ಒಬ್ಬರು ಗಾಡಿ ಓಡಿಸಲಿ, ಇನ್ನೊಬ್ಬರು ಸ್ಕ್ಯಾನರಿನಲ್ಲಿ ನಾಲ್ಕು ಚಕ್ರಗಳ ವೇಗ ನೋಡಲಿ. ಗಂಟೆಗೆ 40ರಲ್ಲಿ ನೇರ ಹೋಗುವಾಗ ನಾಲ್ಕೂ ಹತ್ತಿರ ಹತ್ತಿರ ಒಂದೇ ಇರಬೇಕು. 10ಕ್ಕೆ ಇಳಿಸಿದಾಗ ಯಾವುದಾದರೂ ಒಂದು ಆಗಾಗ ಸೊನ್ನೆಗೆ ಬಿದ್ದರೆ ಆ ಚಕ್ರದ ಸೆನ್ಸರ್ ಅಥವಾ ಅದರ ರಿಂಗ್ ತುಕ್ಕು ಹಿಡಿದಿರಬಹುದು. ಕಡಲ ಗಾಳಿಯ ಉಪ್ಪು ಇಲ್ಲಿ ಚಾಸಿಸ್ಸಿಗಿಂತ ಮೊದಲು ಇಂತಹ ಸಣ್ಣ ಭಾಗಗಳನ್ನು ತಿನ್ನುತ್ತದೆ. ಕನೆಕ್ಟರ್ ಬಿಚ್ಚಿದಾಗ ಪಿನ್ನಿನ ಮೇಲೆ ಹಸಿರು ಪುಡಿ ಕಂಡರೆ ಯಾವ ಸಾಫ್ಟ್‌ವೇರೂ ಅದನ್ನು ಗುಣ ಮಾಡದು. ಬೇರಿಂಗಿನ ಸೀಲಿನಲ್ಲೇ ಕಾಂತದ ರಿಂಗ್ ಇರುವ ಗಾಡಿಯಲ್ಲಿ ತಂತಿಬ್ರಷ್ ಹಾಕಬೇಡಿ, ಮೆತ್ತಗಿನ ಬ್ರಷ್ ಸಾಕು. ಆ ಮೇಲೆ ಒದ್ದೆ ಮಣ್ಣಿನಲ್ಲಿ 4ಎಚ್ ಹಾಕಿ, ಮುಂದಿನ ಎಡಚಕ್ರ ಮತ್ತು ಹಿಂದಿನ ಬಲಚಕ್ರ ಹಗುರವಾಗುವಂತೆ ಒಂದು ಹೊಂಡಕ್ಕೆ ಓರೆಯಾಗಿ ಇಳಿಸಿ. ಎರಡೂ ಆಕ್ಸಲಿನಲ್ಲಿ ಸಾದಾ ಡಿಫರೆನ್ಷಿಯಲ್ ಇದ್ದರೆ ಫೋರ್ ವೀಲ್ ಹಾಕಿದ್ದರೂ ತಿರುಗುವುದು ಆ ಎರಡೇ. ಸ್ಥಿರವಾಗಿ ಆಕ್ಸಿಲರೇಟರ್ ಒತ್ತಿ, ಬ್ರೇಕ್ ಎಷ್ಟು ಹೊತ್ತಿಗೆ ಹಿಡಿಯಿತು, ಗಾಡಿ ಎದ್ದಿತಾ ಎಂದು ಬರೆದಿಡಿ. ಇದನ್ನೇ ಅಪ್‌ಡೇಟಿಗೆ ಮೊದಲೂ ಅದೇ ಹೊಂಡದಲ್ಲಿ ಮಾಡಿದ್ದರೆ ಮಾತ್ರ ಹೋಲಿಕೆ ಸಿಗುತ್ತದೆ. ಪದೇ ಪದೇ ಮಾಡಿದರೆ ಡಿಸ್ಕ್ ಕಾದು ವ್ಯವಸ್ಥೆ ತಾನೇ ಕೈಬಿಡುತ್ತದೆ, ನಡುವೆ ಹತ್ತು ನಿಮಿಷ ತಣಿಯಲು ಬಿಡಿ.

ಕ್ಲಚ್ ಇರುವ ಗಾಡಿಯಲ್ಲಿ ಹಿಂಚಕ್ರಗಳು ಕೆಲಸಕ್ಕೇ ಬಾರದೆ ಸಂಕೇತವೂ ಇಲ್ಲದಿದ್ದರೆ ಆಯಿಲ್ ಕಡೆ ನೋಡಿ. ಇಂತಹ ಗಾಡಿಗಳ ಕ್ಲಚ್ ಘಟಕವಾದ ಐದನೆಯ ತಲೆಮಾರಿನ ಹಾಲ್ಡೆಕ್ಸ್‌ನಲ್ಲಿ ಪಂಪಿನ ಮುಂದೆ ಸಣ್ಣ ಜಾಲರಿ ಇದೆ, ಕ್ಲಚ್ಚಿನ ಪುಡಿ ಅದಕ್ಕೆ ಮೆತ್ತಿಕೊಂಡು ಒತ್ತಡ ಬೀಳುತ್ತದೆ. ಆಯಿಲ್ ಮಾತ್ರ ಬದಲಿಸಿ ಪಂಪ್ ಬಿಚ್ಚದೆ ಬಿಟ್ಟರೆ ಜಾಲರಿ ಹಾಗೇ ಉಳಿಯುತ್ತದೆ. ಬಿಚ್ಚಿ ತೊಳೆಯಲು ಹೇಳಿ.

ಬಾಕಿ ಎಲ್ಲ ಗಾಡಿಗಳಿಗೂ, ತೋಡು ದಾಟಿದ ಮೇಲೆ, ನೆರೆನೀರಿನಲ್ಲಿ ಹೋದ ಮೇಲೆ, ಆಕ್ಸಲಿನ ಆಯಿಲ್ ನೋಡುವುದನ್ನು ಮರೆಯಬೇಡಿ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಬ್ರೀದರ್ (ಹೌಸಿಂಗಿನ ಗಾಳಿ ಆಡಲು ಇಟ್ಟ ತೂತು) ಮುಚ್ಚಿದ್ದರೆ ಆಯಿಲ್ ಸೀಲಿನ ಅಂಚಿನಿಂದ, ಬ್ರೀದರಿನ ಬಾಯಿ ನೀರಿನೊಳಗಿದ್ದರೆ ನೇರ ಅದರ ಮೂಲಕ, ನೀರು ಒಳಗೆ ಹೋಗುತ್ತದೆ. ಮೊದಲು ತುಂಬುವ ಪ್ಲಗ್ ಬಿಚ್ಚಿ, ಅದು ಬಂತೆಂದು ಖಾತ್ರಿಯಾದ ಮೇಲೆಯೇ ಕೆಳಗಿನ ಡ್ರೇನ್ ಪ್ಲಗ್‌ಗೆ ಕೈಹಾಕಿ. ಆಯಿಲ್ ಖಾಲಿ ಮಾಡಿದ ಮೇಲೆ ತುಂಬುವ ಪ್ಲಗ್ ಜಾಮ್ ಆಗಿದೆ ಎಂದು ಗೊತ್ತಾದರೆ ಗಾಡಿ ಅಲ್ಲೇ ಉಳಿಯುತ್ತದೆ. ಸುರಿದದ್ದು ಕಷಾಯಕ್ಕೆ ಹಾಲು ಬೆರೆಸಿದ ಬಣ್ಣದಲ್ಲಿದ್ದರೆ ನೀರು ಸೇರಿದೆ, ಆ ದಿನವೇ ಬದಲಿಸಬೇಕು. ಆಕ್ಸಲಿನೊಳಗಿನ ಹೈಪಾಯ್ಡ್ ಗೇರಿಗೆ ಜಿಎಲ್-5 ದರ್ಜೆಯ ಆಯಿಲ್, ದಪ್ಪ ಕೈಪಿಡಿ ಹೇಳಿದಷ್ಟು. ಚಕ್ರ ಜಾರುವುದಕ್ಕೆ ಮಿತಿ ಹಾಕುವ ಲಿಮಿಟೆಡ್ ಸ್ಲಿಪ್‌ಗೆಂದು ಮಾರುವ ಸಂಯೋಜಕವನ್ನು ಕೈಪಿಡಿಯಲ್ಲಿ ಹೇಳಿದ್ದರೆ ಮಾತ್ರ ಹಾಕಿ. ಕ್ಲಚ್ ತಟ್ಟೆ ಉಜ್ಜಿಯೇ ಲಾಕ್ ಆಗಬೇಕಾದ ಡಿಫ್‌ಗೆ ಅದನ್ನು ಸುರಿದರೆ ತಟ್ಟೆ ಜಾರಿ ಲಾಕ್ ತಡವಾಗುತ್ತದೆ. ತುಂಬುವ ತೂತಿನ ಅಂಚಿನಿಂದ ಆಯಿಲ್ ಹೊರಚೆಲ್ಲುವ ತನಕ ತುಂಬಿ, ಚೆಲ್ಲುವುದು ತೊಟ್ಟಿಗೆ ಇಳಿದ ಮೇಲೆ ಹೊಸ ವಾಷರ್ ಹಾಕಿ ಪ್ಲಗ್ ಬಿಗಿಯಿರಿ.